ಸಹಿ ಬಿಟ್ಟು ಪ್ರೆಸ್‌ನ ಜಾಡು ಹಿಡಿದೆ

ಅಮೆರಿಕದ ಪ್ರಿಂಟ್‌ಮೇಕಿಂಗ್ (ಕಲ್ಲು, ಲೋಹದ ಪ್ಲೇಟ್‌ಗಳಿಂದ ಕಾಗದಕ್ಕೆ ಚಿತ್ರ ಅಚ್ಚು ಹಾಕುವ ಕಲೆ) ಚರಿತ್ರೆ ಓದಲು ಕೂತರೆ ಮೊದಲು ಸಿಗುವುದು ಜಾಸ್ಪರ್ ಜಾನ್ಸ್, ರಾಬರ್ಟ್ ರೌಶೆನ್‌ಬರ್ಗ್ ಥರದ ದೊಡ್ಡ ಹೆಸರುಗಳು. ಕಾಗದದ ಕೆಳಗೆ ಪೆನ್ಸಿಲ್ ಸಹಿ ಇರುವುದು ಅವರದೇ. ಆದರೆ ಕಲ್ಲು ಉಜ್ಜಿದವರು ಯಾರು, ಇಂಕ್ ಹದ ಮಾಡಿದವರು ಯಾರು, ಪ್ರೆಸ್ ತಿರುಗಿಸಿದವರು ಯಾರು? ನಾನೂ ಎಚಿಂಗ್, ಅಂದರೆ ಲೋಹದ ಪ್ಲೇಟನ್ನು ಆಸಿಡ್‌ನಿಂದ ಕೊರೆದು ಅಚ್ಚು ತೆಗೆಯುವ ಕೆಲಸ, ಮಾಡುವವಳು, ಈ ಪ್ರಶ್ನೆ ಬಿಡಲಿಲ್ಲ. ಅದಕ್ಕೇ ಕಲಾವಿದರ ಪಟ್ಟಿ ಬದಿಗಿಟ್ಟು ವರ್ಕ್‌ಶಾಪ್‌ಗಳ ಬೆನ್ನು ಹತ್ತಿದೆ.

ಆ ಲೋಕಕ್ಕೆ ನನಗೆ ಬಾಗಿಲಾದವರು ಕೃಷ್ಣಾ ರೆಡ್ಡಿ. ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಕಲಿತು, ಪ್ಯಾರಿಸ್‌ನ ಅಟೆಲಿಯೆ 17 ಎಂಬ ಪ್ರಿಂಟ್ ವರ್ಕ್‌ಶಾಪ್ ಸೇರಿ, ಆಮೇಲೆ ನ್ಯೂಯಾರ್ಕ್‌ನಲ್ಲಿ ನೆಲೆಸಿದವರು. ಎಣ್ಣೆ ಹೆಚ್ಚು ಕಡಿಮೆ ಇರುವ ಇಂಕ್‌ಗಳನ್ನು ಗಟ್ಟಿ ಮತ್ತು ಮೆತ್ತನೆ ರೋಲರ್‌ಗಳಿಂದ ಒಂದೇ ಪ್ಲೇಟಿಗೆ ಹಾಕಿ, ಒಂದೇ ಸಲಕ್ಕೆ ಹಲವು ಬಣ್ಣ ತೆಗೆಯುವ ವಿಸ್ಕಾಸಿಟಿ ವಿಧಾನದ ಹಿಂದೆ ಇದ್ದವರಲ್ಲಿ ಅವರೂ ಒಬ್ಬರು. ಅಟೆಲಿಯೆ 17 ಶುರು ಮಾಡಿದ ಸ್ಟ್ಯಾನ್ಲಿ ವಿಲಿಯಂ ಹೇಟರ್ ಯುದ್ಧದ ಕಾಲದಲ್ಲಿ, 1940ರಲ್ಲಿ, ಅದನ್ನು ನ್ಯೂಯಾರ್ಕಿಗೆ ತಂದರು. ಚಿತ್ರಕಾರ ಜಾಕ್ಸನ್ ಪೊಲಾಕ್ 1944-45ರಲ್ಲಿ ಅಲ್ಲಿ ಪ್ಲೇಟ್ ಕೆತ್ತಿದ್ದಾರೆ. ಆ ಪ್ಲೇಟ್‌ಗಳಿಂದ ಎಡಿಷನ್ (ಸಂಖ್ಯೆ ಗೊತ್ತುಮಾಡಿ ತೆಗೆಯುವ ಪ್ರತಿಗಳು) ತೆಗೆದದ್ದು ಅವರು ತೀರಿಕೊಂಡ ಮೇಲೆ, 1967ರಲ್ಲಿ. ಇದನ್ನು ನೋಡಿದ ಮೇಲೆ ನನ್ನ ನೋಟ್‌ಬುಕ್‌ನಲ್ಲಿ ಇಸವಿಗೆ ಎರಡು ಕಾಲಂ ಹಾಕಿದೆ: ಪ್ಲೇಟ್ ಆದದ್ದು ಯಾವಾಗ, ಅಚ್ಚಾದದ್ದು ಯಾವಾಗ. ಎರಡೂ ಒಂದೇ ಇರಬೇಕೆಂದೇನೂ ಇಲ್ಲ.

ಹುಡುಕುವ ಕ್ರಮ ಸರಳ. ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಆನ್‌ಲೈನ್ ಸಂಗ್ರಹದಲ್ಲಿ ಎಷ್ಟೋ ಪ್ರಿಂಟ್‌ಗಳಿಗೆ ಪ್ರಕಾಶಕರು, ಮುದ್ರಕರು, ಎಡಿಷನ್ ಸಂಖ್ಯೆ ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ. ನಾನು ಚಿತ್ರಕ್ಕಿಂತ ಮೊದಲು ಅದನ್ನೇ ಓದುತ್ತೇನೆ. ಸಿಕ್ಕ ಮುದ್ರಕರ ಹೆಸರು ಹಿಡಿದು ಸ್ಮಿತ್‌ಸೋನಿಯನ್‌ನ ಆರ್ಕೈವ್ಸ್ ಆಫ್ ಅಮೆರಿಕನ್ ಆರ್ಟ್‌ಗೆ ಹೋಗುತ್ತೇನೆ. ಅಲ್ಲಿ ಕಲಾವಿದರ ಸಂದರ್ಶನಗಳು ಬರಹ ರೂಪದಲ್ಲೇ ಸಿಗುತ್ತವೆ. ಪುಸ್ತಕದಲ್ಲಿ ಒಂದು ಸಾಲಲ್ಲಿ ಮುಗಿದುಹೋಗುವ ಸಂಗತಿಯನ್ನು ಅಲ್ಲಿ ಪುಟಗಟ್ಟಲೆ ಮಾತಾಡಿರುತ್ತಾರೆ.

ಹೀಗೆ ಸಿಕ್ಕವರು ರಾಬರ್ಟ್ ಬ್ಲ್ಯಾಕ್‌ಬರ್ನ್. ಹುಟ್ಟಿದ್ದು 1920ರಲ್ಲಿ, ಬೆಳೆದದ್ದು ಹಾರ್ಲೆಮ್‌ನಲ್ಲಿ, ತಂದೆತಾಯಿ ಜಮೈಕಾದವರು. ಸರ್ಕಾರದ ಉದ್ಯೋಗ ಯೋಜನೆಯ ನೆರವಿನಿಂದ ನಡೆಯುತ್ತಿದ್ದ ಹಾರ್ಲೆಮ್ ಕಮ್ಯುನಿಟಿ ಆರ್ಟ್ ಸೆಂಟರ್‌ನಲ್ಲಿ, ಹದಿಹರೆಯದಲ್ಲೇ ಲಿಥೋ (ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ತೆಗೆಯುವ ಲಿಥೋಗ್ರಫಿ) ಕಲಿತರು. 1940ರ ದಶಕದ ಕೊನೆಗೆ ತಮ್ಮದೇ ವರ್ಕ್‌ಶಾಪ್ ತೆರೆದರು. ಬಣ್ಣ, ಜಾತಿ, ದುಡ್ಡು ನೋಡದೆ ಯಾರು ಬಂದರೂ ಕಲಿಸಿದರು. ಲಾಂಗ್ ಐಲೆಂಡ್‌ನಲ್ಲಿ ಟಟಿಯಾನಾ ಗ್ರಾಸ್‌ಮನ್ ತಮ್ಮ ಮನೆ ಮುಂದಿನ ಹಾದಿಗೆ ಹಾಸಿದ್ದ ಹಳೇ ಲಿಥೋ ಕಲ್ಲುಗಳನ್ನು ಎತ್ತಿಕೊಂಡು 1957ರಲ್ಲಿ ಯುನಿವರ್ಸಲ್ ಲಿಮಿಟೆಡ್ ಆರ್ಟ್ ಎಡಿಷನ್ಸ್ ಎಂಬ ಪ್ರಿಂಟ್ ವರ್ಕ್‌ಶಾಪ್ ಶುರು ಮಾಡಿದರು, ಅಲ್ಲಿನ ಮೊದಲ ಮಾಸ್ಟರ್ ಪ್ರಿಂಟರ್ (ಮುಖ್ಯ ಮುದ್ರಕ) ಇದೇ ಬ್ಲ್ಯಾಕ್‌ಬರ್ನ್. 1960ರಲ್ಲಿ ಜಾನ್ಸ್ ಅಲ್ಲಿ ಲಿಥೋ ಶುರು ಮಾಡಿದಾಗಲೂ ಪ್ರೆಸ್ ಅವರ ಕೈಯಲ್ಲೇ ಇತ್ತು. ಬ್ಲ್ಯಾಕ್‌ಬರ್ನ್‌ ಅವರದೇ 1950ರ ಬಣ್ಣದ ಲಿಥೋ 'ಗರ್ಲ್ ಇನ್ ರೆಡ್' ನೋಡಿ. ಇವರನ್ನು ಬರೀ ಬೇರೆಯವರ ಕೆಲಸ ಮುದ್ರಿಸಿದವರು ಅನ್ನಲು ಮನಸ್ಸು ಒಪ್ಪುವುದಿಲ್ಲ.

ಇನ್ನೊಂದು ಜಾಡು ಫಿಲಡೆಲ್ಫಿಯಾಗೆ ಕರೆದೊಯ್ಯಿತು. ಅದೇ ಸರ್ಕಾರಿ ಯೋಜನೆಯ ವರ್ಕ್‌ಶಾಪ್‌ನಲ್ಲಿ ಡಾಕ್ಸ್ ಥ್ರ್ಯಾಶ್ ಎಂಬ ಕಪ್ಪು ಕಲಾವಿದ ಕೆಲಸ ಮಾಡುತ್ತಿದ್ದರು. ಲಿಥೋ ಕಲ್ಲು ಉಜ್ಜುವ ಕಾರ್ಬೊರಂಡಮ್ ಪುಡಿಯಿಂದ ತಾಮ್ರದ ಪ್ಲೇಟನ್ನೇ ಉಜ್ಜಿ ತರಿತರಿ ಮಾಡಿದರು. ಆ ಪ್ಲೇಟ್ ಹಾಗೇ ಅಚ್ಚು ಹಾಕಿದರೆ ಪೂರ್ತಿ ಕಪ್ಪು. ಬೆಳಕು ಬೇಕಾದ ಕಡೆ ಹೆರೆದು ನುಣುಪು ಮಾಡಬೇಕು. ಸಹೋದ್ಯೋಗಿಗಳ ಜೊತೆ ಅವರು ಬೆಳೆಸಿದ ಈ ವಿಧಾನದಿಂದ ಬಂದ ಕಪ್ಪು ಎಷ್ಟು ಮೃದು ಅಂದರೆ, ಸ್ಕ್ರೀನ್ ಮೇಲೆ ನೋಡಿದರೂ ಗೊತ್ತಾಗುತ್ತದೆ. ಈ ಯೋಜನೆಯ ಪ್ರಿಂಟ್‌ಗಳನ್ನು ದೇಶದ ಹಲವು ಮ್ಯೂಸಿಯಂ, ಲೈಬ್ರರಿಗಳಿಗೆ ಹಂಚಿದ್ದರು. ಹಾಗಾಗಿ ಒಂದೇ ಪ್ರಿಂಟ್ ಎರಡು ಮೂರು ಕಡೆ ಸಿಗುವುದುಂಟು. ಅಂಥವನ್ನು ಅಕ್ಕಪಕ್ಕ ತೆರೆದಿಟ್ಟು ನೋಡಿದರೆ ಇಂಕ್ ಒರೆಸಿದ ಕೈ ಎಲ್ಲಿ ಬೇರೆಯಾಯಿತು ಎಂದು ಕಾಣುತ್ತದೆ. ನನಗೆ ಜಾಸ್ತಿ ಖುಷಿ ಕೊಡುವ ಕೆಲಸ ಇದು.

1960ರ ನಂತರದ ಪ್ರಿಂಟ್‌ಗಳಲ್ಲಿ ಹುಡುಕಾಟ ಕೊಂಚ ಸುಲಭ. ಕಲಾವಿದೆ ಜೂನ್ ವೇಯ್ನ್ ಆ ವರ್ಷ ಫೋರ್ಡ್ ಫೌಂಡೇಶನ್ ಹಣದಿಂದ ಲಾಸ್ ಏಂಜಲೀಸ್‌ನಲ್ಲಿ ಟ್ಯಾಮರಿಂಡ್ ಲಿಥೋಗ್ರಫಿ ವರ್ಕ್‌ಶಾಪ್ ಕಟ್ಟಿದರು. ಅಲ್ಲಿ ಪ್ರತಿ ಎಡಿಷನ್‌ನ ಕಾಗದ, ಇಂಕ್, ಮುದ್ರಣದ ಕ್ರಮ ಎಲ್ಲ ಬರೆದಿಡುವ ಪದ್ಧತಿ ಬಂತು. ಕಾಗದದ ಅಂಚಿನಲ್ಲಿ ಇಂಕ್ ಇಲ್ಲದೆ ಒತ್ತಿದ ಪುಟ್ಟ ಉಬ್ಬು ಮುದ್ರೆಗಳಿರುತ್ತವೆ. ಒಂದು ವರ್ಕ್‌ಶಾಪ್‌ದು, ಇನ್ನೊಂದು ಪ್ರಿಂಟರ್‌ದು. ಫೋಟೋವನ್ನು ಪೂರ್ತಿ ದೊಡ್ಡದು ಮಾಡಿ ಮೂಲೆಗಳನ್ನು ನೋಡಿ. ಅಂಚು ಕತ್ತರಿಸಿದ ಫೋಟೋ ಈ ಕೆಲಸಕ್ಕೆ ಬರುವುದಿಲ್ಲ.

ಈಗ ಬ್ಲ್ಯಾಕ್‌ಬರ್ನ್‌ಗೆ ಲಿಥೋ ಕಲಿಸಿದ ರೀವಾ ಹೆಲ್‌ಫಾಂಡ್ ಬಗ್ಗೆ ಓದುತ್ತಿದ್ದೇನೆ. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಯ ಜನರನ್ನು ಪ್ರಿಂಟ್ ಮಾಡಿದಾಕೆ. ಅವರ ಪ್ರಿಂಟ್‌ಗಳನ್ನೂ ಮ್ಯೂಸಿಯಂ ಮ್ಯೂಸಿಯಂ ಹುಡುಕಿ, ಅದೇ ಎರಡು ಕಾಲಂನಲ್ಲಿ ಬರೆದುಕೊಳ್ಳುತ್ತಿದ್ದೇನೆ.