ನಿಲ್ಲಿಸಿ ತೆಗೆದ ಆಂಕಲ್ ಎಕ್ಸ್‌ರೇ

ದಾವಣಗೆರೆಯಲ್ಲಿ ಮಂಡಿ ಬದಲಿಸಿಕೊಂಡವರು ಬೇಕಾದಷ್ಟು ಜನ ಸಿಗುತ್ತಾರೆ. ಪಾದದ ಕೀಲು, ಅಂದರೆ ಆಂಕಲ್ ಬದಲಿಸಿಕೊಂಡವರು ಅಪರೂಪ. ಎಕ್ಸ್‌ರೇ ಟೆಕ್ನಿಷಿಯನ್ ಆಗಿ ಇಷ್ಟು ವರ್ಷದಲ್ಲಿ ನನ್ನ ಕೈಗೆ ಬಂದವರು ಬೆರಳೆಣಿಕೆಯಷ್ಟೇ. ಅವರಲ್ಲಿ ಹರಿಹರದ ಕಡೆಯ ಒಬ್ಬ ಅಮ್ಮನಿಂದ, ಬದಲಿ ಆಂಕಲ್‌ನ ಎಕ್ಸ್‌ರೇಯನ್ನು ನಿಲ್ಲಿಸಿ ತೆಗೆಯುವುದನ್ನು ನಾನು ಕಲಿತೆ.

ಪಿ.ಬಿ. ರಸ್ತೆಯಲ್ಲಿ ಬೈಕಿನಿಂದ ಬಿದ್ದು ಅವರ ಕಾಲು ಮುರಿದಿತ್ತು. ಮೂಳೆ ಕೂಡಿತು, ಆದರೆ ವರ್ಷ ಕಳೆದಂತೆ ಕೀಲು ಸವೆಯಿತು. ಆಂಕಲ್ ಸವೆಯುವುದು ಹೆಚ್ಚಾಗಿ ಹೀಗೇ, ಹಳೇ ಪೆಟ್ಟಿನಿಂದ. ಮಂಡಿಯ ಹಾಗೆ ಬರೀ ವಯಸ್ಸಿನಿಂದ ಸವೆಯುವುದು ಕಡಿಮೆ. ಬೆಂಗಳೂರಿನಲ್ಲಿ ಕೀಲು ಬದಲಿಸಿದ್ದರು. ಆರು ವರ್ಷ ಚೆನ್ನಾಗಿ ಓಡಾಡಿದ ಮೇಲೆ ನೋವು ಶುರುವಾಗಿತ್ತು.

ನಾನು ಟೇಬಲ್ ಮೇಲೆ ಮಲಗಿಸಿ ಎರಡು ಫಿಲ್ಮ್ ತೆಗೆದೆ. ಎಲ್ಲ ಸರಿಯಾಗೇ ಕಂಡಿತು. ನಮ್ಮ ರೇಡಿಯಾಲಜಿಸ್ಟ್ ನೋಡಿ ಒಂದೇ ಮಾತು ಕೇಳಿದರು: "ನೋವು ಯಾವಾಗ ಬರುತ್ತೆ ಅಂತ ಕೇಳಿದ್ಯಾ?" ನಾನು ಕೇಳಿರಲಿಲ್ಲ.

ಹೋಗಿ ಕೇಳಿದೆ. ಕೇಳಿದ ಮೇಲೆ, ಎದ್ದು ನಿಲ್ಲಬೇಕಮ್ಮಾ ಎಂದೆ. "ನಿಂತ್ರೆ ನೋವಾಗ್ತೈತಿ ಅಂತ ಬಂದೀನಪ್ಪಾ, ಮತ್ತೆ ನಿಲ್ಲು ಅಂತೀಯಲ್ಲ" ಎಂದರು. ಅದಕ್ಕೇ ನಿಲ್ಲಿಸಬೇಕಿತ್ತು.

ಆದರೆ ನಮ್ಮ ಎಕ್ಸ್‌ರೇ ಟ್ಯೂಬ್ ನೆಲದ ಮಟ್ಟಕ್ಕೆ ಇಳಿಯುತ್ತಿರಲಿಲ್ಲ. ರೋಗಿಯನ್ನೇ ಮೇಲೆ ಹತ್ತಿಸಬೇಕು. ಅಂದು ಸ್ಟೂಲ್ ಮೇಲೆ ನಿಲ್ಲಿಸಿ, ಅವರ ಮಗ ಹಿಡಿದುಕೊಂಡು ಹೇಗೋ ತೆಗೆದೆವು. ಮಗನಿಗೂ ಎಕ್ಸ್‌ರೇ ತಡೆಯುವ ಸೀಸದ ಏಪ್ರನ್ ಹಾಕಿಸಿದ್ದೆ. ಆಮೇಲೆ ಬಡಗಿಯಿಂದ ಎರಡು ಮೆಟ್ಟಿಲಿನ ಮರದ ಕಟ್ಟೆ ಮಾಡಿಸಿದೆ. ಹಿಡಿದುಕೊಳ್ಳಲು ಕಂಬಿ, ಚಿತ್ರ ಹಿಡಿಯುವ ಫಲಕ, ಅಂದರೆ ಕ್ಯಾಸೆಟ್ ನಿಲ್ಲಿಸಲು ಒಂದು ಸೀಳು. ನಮ್ಮ ಕೋಣೆಯಲ್ಲಿ ಇಷ್ಟು ಉಪಯೋಗಕ್ಕೆ ಬಂದ ವಸ್ತು ಬೇರೆ ಇಲ್ಲ.

ಈಗ ಫಿಲ್ಮಿನ ವಿಷಯಕ್ಕೆ ಬರುತ್ತೇನೆ. ಬದಲಿ ಆಂಕಲ್‌ನಲ್ಲಿ ಮೇಲೊಂದು ಲೋಹದ ತಟ್ಟೆ, ಕೆಳಗೊಂದು ಲೋಹದ ಟೋಪಿ, ನಡುವೆ ಪ್ಲಾಸ್ಟಿಕ್. ಎಕ್ಸ್‌ರೇಯಲ್ಲಿ ಪ್ಲಾಸ್ಟಿಕ್ ಕಾಣುವುದಿಲ್ಲ. ಎರಡು ಲೋಹಗಳ ನಡುವಿನ ಖಾಲಿ ಜಾಗವೇ ಪ್ಲಾಸ್ಟಿಕ್ ಎಂದು ಓದಬೇಕು. ಮಲಗಿದಾಗ ಆ ಅಮ್ಮನ ಕಾಲಲ್ಲಿ ಜಾಗ ಎರಡೂ ಕಡೆ ಸಮ ಇತ್ತು. ಮೈಭಾರ ಬಿದ್ದ ಕೂಡಲೇ ಒಳಬದಿ ಕಿರಿದಾಯಿತು, ಹೊರಬದಿ ತೆರೆದುಕೊಂಡಿತು. ಕೀಲು ಒಳಗೆ ವಾಲುತ್ತಿತ್ತು. ಭಾರವೆಲ್ಲ ಪ್ಲಾಸ್ಟಿಕ್‌ನ ಒಂದೇ ಅಂಚಿನ ಮೇಲೆ!

ಇನ್ನೊಂದು ನೋಡಬೇಕಾದದ್ದು ಲೋಹ ಮತ್ತು ಮೂಳೆ ಸೇರುವ ಗೆರೆ. 1970ರ ದಶಕದ ಮೊದಲ ಆಂಕಲ್‌ಗಳನ್ನು ಸಿಮೆಂಟಿನಿಂದ ಕೂರಿಸುತ್ತಿದ್ದರು, ಬಹಳಷ್ಟು ಬೇಗ ಸಡಿಲವಾದವು. ಈಗಿನ ಹಲವು ಮಾದರಿಗಳಲ್ಲಿ ಲೋಹದ ಒರಟು ಮೈಗೆ ಮೂಳೆಯೇ ಬೆಳೆದು ಹಿಡಿದುಕೊಳ್ಳಬೇಕು. ಅಲ್ಲಿ ಸಣ್ಣ ಕಪ್ಪು ಗೆರೆ ಇದ್ದು, ಅದು ಅಗಲವಾಗದೆ ಹಾಗೇ ಉಳಿದರೆ ಅಷ್ಟೊಂದು ಚಿಂತೆ ಇಲ್ಲ. 2 ಮಿಲಿಮೀಟರ್ ದಾಟಿದರೆ, ಅಥವಾ ವರ್ಷದಿಂದ ವರ್ಷಕ್ಕೆ ಅಗಲವಾದರೆ ಸಡಿಲವಾಗಿದೆಯೇ ಎಂದು ಹುಡುಕಬೇಕು. ಪಾದ ಸ್ವಲ್ಪ ತಿರುಗಿದರೂ ಈ ಗೆರೆ ಲೋಹದ ಹಿಂದೆ ಅಡಗಿಬಿಡುತ್ತದೆ. ಹಾಗಾಗಿ ಮುಂದಿನಿಂದ ತೆಗೆದಾಗ ಮೇಲಿನ ತಟ್ಟೆ ಒಂದು ಗೆರೆಯಂತೆ ಕಾಣಬೇಕು, ಅದರ ಮೈ ಕಾಣಬಾರದು. ಪಕ್ಕದಿಂದ ತೆಗೆದಾಗ ಟೋಪಿಯ ಎರಡು ಅಂಚು ಒಂದರ ಮೇಲೊಂದು ಕೂರಬೇಕು. ಮೂರನೆಯದಕ್ಕೆ ಕಾಲನ್ನು 15ರಿಂದ 20 ಡಿಗ್ರಿ ಒಳಗೆ ತಿರುಗಿಸುತ್ತೇನೆ. ಆಗ ಎರಡೂ ಪಕ್ಕದ ಸಂದು ಬಿಡಿಸಿ ಕಾಣುತ್ತದೆ. ಅಲ್ಲಿ ಮೂಳೆ ಬೆಳೆದು ಒತ್ತುವುದೂ ಉಂಟು.

ಅಮ್ಮನ ಫಿಲ್ಮಿನಲ್ಲಿ ತಟ್ಟೆಯ ಮೇಲೆ ಮಸುಕಾದ ಒಂದು ಕಪ್ಪು ಚುಕ್ಕೆ ಇತ್ತು. ಸಿಟಿ ಸ್ಕ್ಯಾನ್ ಮಾಡಿದೆವು. ಇನ್ನೊಂದು ಕಾಲಿನ ಮಂಡಿ ಮಡಚಿಸಿ ಆ ಪಾದವನ್ನು ದೂರ ಇಟ್ಟೆ. ಕಿರಣದ ಶಕ್ತಿ ನಿರ್ಧರಿಸುವ ಕೆವಿಯನ್ನು (ಕಿಲೋವೋಲ್ಟ್) 120ರಿಂದ 140ಕ್ಕೆ ಏರಿಸಿ, ತೆಳು ಸ್ಲೈಸ್ ತೆಗೆದು, ಲೋಹದಿಂದ ಚಿತ್ರದಲ್ಲಿ ಬೀಳುವ ಗೀರು ಕಡಿಮೆ ಮಾಡುವ ಸಾಫ್ಟ್‌ವೇರ್ ಹಾಕಿದೆ. ಚುಕ್ಕೆಯ ಜಾಗದಲ್ಲಿ ದೊಡ್ಡ ಟೊಳ್ಳೇ ಇತ್ತು, ಕೆಳಗಿನ ಮೂಳೆಯಲ್ಲಿ ಇನ್ನೊಂದು. ಎಕ್ಸ್‌ರೇ ಇವನ್ನು ಚಿಕ್ಕದಾಗಿಯೇ ತೋರಿಸುತ್ತದೆ. ಸವೆದ ಪ್ಲಾಸ್ಟಿಕ್ ಪುಡಿಯನ್ನು ತೆಗೆದುಹಾಕಲು ಬರುವ ಜೀವಕೋಶಗಳು ಸುತ್ತಲಿನ ಮೂಳೆ ಕರಗುವಂತೆ ಮಾಡುತ್ತವೆ. ಕೀವಿನಿಂದಲೂ ಹೀಗೆ ಆಗಬಹುದು, ಚಿತ್ರ ನೋಡಿ ಮಾತ್ರ ಹೇಳಲಾಗದು. ಬೆಂಗಳೂರಿನ ಸರ್ಜನ್ ಕೀಲಿನ ನೀರು ತೆಗೆದು ಪರೀಕ್ಷಿಸಿ, ಸೋಂಕಿಲ್ಲ ಎಂದು ಖಚಿತ ಮಾಡಿಕೊಂಡರು. ಲೋಹ ಗಟ್ಟಿಯಾಗೇ ಇತ್ತು. ಟೊಳ್ಳಿಗೆ ಸೊಂಟದ ಮೂಳೆ ತುಂಬಿ, ವಾಲಿದ್ದನ್ನು ಸರಿ ಮಾಡಿ, ಹೊಸ ಪ್ಲಾಸ್ಟಿಕ್ ಹಾಕಿದರು.

ಆಮೇಲೆ ಮೊದಲ ಸಲ ಬಂದಾಗ ಕಟ್ಟೆಯ ಮೇಲೆ ಬಿಳಿ ಹಾಳೆ ಹಾಸಿ, ಅಮ್ಮ ನಿಂತ ಜಾಗದಲ್ಲೇ ಪಾದದ ಸುತ್ತ ಪೆನ್ಸಿಲ್ ಗೆರೆ ಎಳೆದು, ತಾರೀಖು ಬರೆದು ಅವರ ಫಿಲ್ಮ್ ಕವರಿನಲ್ಲೇ ಇಟ್ಟೆ. ಹೋದ ತಿಂಗಳು ವರ್ಷದ ಚೆಕಪ್‌ಗೆ ಬಂದರು. ನಾನು ಕೇಳುವ ಮೊದಲೇ ಆ ಹಾಳೆ ತೆಗೆದು ಕಟ್ಟೆಯ ಮೇಲೆ ಹಾಸಿ, ಗೆರೆಯೊಳಗೆ ಪಾದ ಇಟ್ಟು ನಿಂತರು.