ಇಂಗ್ಲೆಂಡಿಗೆ ಬಂದಿರೋ ನಮ್ ಕಡೆಯವ್ರಿಗೆ: ಯಾವ ಡಾಕ್ಟ್ರು ಏನ್ ನೋಡ್ತಾರೆ, ಅವ್ರ ಹತ್ರ ಹೋಗೋದ್ ಹೆಂಗೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಾರ್ಟ್ ತೊಂದ್ರೆ ಅಂತ ಅನುಮಾನ ಬಂದ್ರೆ ಯಾರನ್ನೂ ಕೇಳಲ್ಲ, ಬೆಂಗ್ಳೂರು ಬಸ್ ಹತ್ತಿ ಸೀದಾ ಜಯದೇವಕ್ಕೆ ಹೋಗಿ ಚೀಟಿ ಮಾಡಿಸ್ತೀವಿ. ಇಂಗ್ಲೆಂಡಲ್ಲಿ ಇದು ನಡೆಯಲ್ಲ. ಎನ್‌ಎಚ್‌ಎಸ್‌ನಲ್ಲಿ (ಇಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆ) ಮೊದ್ಲು ಜಿಪಿ, ಅಂದ್ರೆ ಫ್ಯಾಮಿಲಿ ಡಾಕ್ಟ್ರು, ಅವ್ರು ರೆಫರ್ ಮಾಡಿದ್ರೇನೇ ಸಾಮಾನ್ಯವಾಗಿ ಸ್ಪೆಷಲಿಸ್ಟ್. (ಇದ್ದಕ್ಕಿದ್ದಂಗೆ ಎದೆನೋವು ಬಂದ್ರೆ ಜಿಪಿಗೆ ಕಾಯ್ಬೇಡಿ, ಎಮರ್ಜೆನ್ಸಿ ನಂಬರ್ 999ಕ್ಕೆ ಫೋನ್ ಮಾಡಿ.)

ಜಿಪಿ ಅಂದ್ರೆ ಬರೀ ಎಂಬಿಬಿಎಸ್ ತಾನೇ ಅಂತ ಮೂಗು ಮುರಿಯೋರು ನಮ್ಮಲ್ಲಿ ಜಾಸ್ತಿ, ಆದ್ರೆ ಅವ್ರು ಡಿಗ್ರಿ ಆದ್ಮೇಲೆ 2 ವರ್ಷ ಫೌಂಡೇಶನ್ ಅನ್ನೋ ಶುರುವಿನ ಟ್ರೈನಿಂಗ್, ಆಮೇಲೆ 3 ವರ್ಷ ಜಿಪಿ ಟ್ರೈನಿಂಗ್ ಮುಗಿಸಿರ್ತಾರೆ. ಮಗೂಗೆ ಜ್ವರ ಬಂದ್ರೂ ಅವ್ರೇ, ಹೆಂಗಸ್ರ ಪೀರಿಯಡ್ಸ್ ತೊಂದ್ರೆಗೂ ಅವ್ರೇ, ಡಿಪ್ರೆಶನ್‌ಗೂ ಅವ್ರೇ. ಬಸುರಿ ಆದಾಗ ಜಿಪಿ ರೆಫರ್ ಮಾಡ್ದೇ ಇದ್ರೂ ಮಿಡ್‌ವೈಫ್ (ಬಸುರಿ, ಹೆರಿಗೆ ನೋಡ್ಕೊಳ್ಳೋರು) ಹತ್ರ ನೇರವಾಗಿ ಹೆಸ್ರು ಬರೆಸ್ಬೋದು. ಶುಗರ್ರು, ಬಿಪಿ ಅಂತ ಏನಾದ್ರೂ ತೊಡಕಿದ್ರೆ ಅಬ್‌ಸ್ಟೆಟ್ರಿಶಿಯನ್, ಅಂದ್ರೆ ಹೆರಿಗೆ ಸ್ಪೆಷಲಿಸ್ಟ್ ಡಾಕ್ಟ್ರು ಬರ್ತಾರೆ.

ತಲೆ ಕೆಡೋದು ಒಂದೇ ಅಂಗಕ್ಕೆ ಇಬ್ಬಿಬ್ರು ಡಾಕ್ಟ್ರಿರೋ ಕಡೆ. ಕಿಡ್ನಿ ಸರಿಯಾಗಿ ಕೆಲ್ಸ ಮಾಡ್ದೆ ರಕ್ತದಲ್ಲಿ ಕ್ರಿಯಾಟಿನಿನ್ ಏರಿದ್ರೆ, ಡಯಾಲಿಸಿಸ್ ಬೇಕಾದ್ರೆ ನೆಫ್ರಾಲಜಿ. ಕಲ್ಲು, ಪ್ರಾಸ್ಟೇಟ್ ಆದ್ರೆ ಯೂರಾಲಜಿ. ಫಿಟ್ಸು, ಪಾರ್ಕಿನ್ಸನ್ಸ್ ನ್ಯೂರಾಲಜಿ, ತಲೆ ಆಪರೇಷನ್ ನ್ಯೂರೋಸರ್ಜರಿ. ಸ್ಟೆಂಟ್ ಹಾಕೋರು ಕಾರ್ಡಿಯಾಲಜಿಸ್ಟ್, ಬೈಪಾಸ್ ಮಾಡೋರು ಕಾರ್ಡಿಯಾಕ್ ಸರ್ಜನ್, ಇನ್ನು ಕಾರ್ಡಿಯಾಲಜಿ ಒಳಗೇ ಸ್ಟೆಂಟಿಗೆ ಒಬ್ರು, ಎದೆಬಡಿತ ಏರುಪೇರಾದ್ರೆ ಎಲೆಕ್ಟ್ರೋಫಿಸಿಯಾಲಜಿಯವ್ರು ಇನ್ನೊಬ್ರು. ಸರ್ಜನ್ ಲೆಟರ್‌ನಲ್ಲಿ ಡಾಕ್ಟರ್ ಬದ್ಲು ಮಿಸ್ಟರ್ ಅಂತಿದ್ರೆ ಗಾಬರಿ ಬೇಡ, ಹಳೇ ಕಾಲದ ಸಂಪ್ರದಾಯ ಅದು.

ಅಪ್ಪ ಅಮ್ಮಂದಿರ ಮಂಡಿನೋವು, ಸೊಂಟನೋವಿನ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ಬೇಕು. ಸವೆದ ಮಂಡಿ ಬದಲಾಯ್ಸೋದು ಆರ್ಥೋಪೆಡಿಕ್ಸ್, ಅಲ್ಲೂ ಮಂಡಿಯವ್ರು ಭುಜ ಮುಟ್ಟೋದು ಕಮ್ಮಿ. ಬೆಳಿಗ್ಗೆ ಎದ್ದಾಗ ಕೀಲು ಬಿಗಿದು ಊದ್ಕೊಂಡಿರತ್ತೆ ಅಂದ್ರೆ ರುಮಟಾಲಜಿ, ಅಲ್ಲಿ ಆಪರೇಷನ್ ಅಲ್ಲ, ಔಷಧಿ ಕೊಡ್ತಾರೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದೋರಾದ್ರೆ ಫ್ಲೋರೈಡ್ ವಿಷ್ಯ ನೀವೇ ಎತ್ತಿ, ಯಾಕಂದ್ರೆ ಮೂಳೆಗೆ ಫ್ಲೋರೋಸಿಸ್ (ನೀರಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಬರೋ ಕಾಯಿಲೆ) ಆಗಿರೋ ಪೇಶೆಂಟನ್ನ ಇಲ್ಲಿನ ಡಾಕ್ಟ್ರು ನೋಡೋದು ಅಪರೂಪ, ಅವ್ರಾಗೇ ಕೇಳಲ್ಲ. ಎಕ್ಸ್‌ರೇಲಿ ಮೂಳೆ ಹೆಚ್ಚು ದಟ್ಟವಾಗಿ ಕಾಣ್ಬೋದು, ಹಲ್ಲಿನ ಕಂದು ಕಲೆನೂ ತೋರ್ಸಿ.

ಜಿಪಿ ಮುಂದೆ ಕೂತು "ಎಂಆರ್‌ಐ ಬರ್ಕೊಡಿ, ಆ ಸ್ಪೆಷಲಿಸ್ಟ್‌ಗೆ ಕಳ್ಸಿ" ಅಂದ್ರೆ ಕೆಲ್ಸ ಆಗಲ್ಲ. ನೋವು ಯಾವಾಗಿಂದ, ರಾತ್ರಿ ಎಚ್ಚರ ಆಗತ್ತಾ, ತೂಕ ಇಳಿದಿದ್ಯಾ, ಊರಲ್ಲಿ ಯಾವ ಮಾತ್ರೆ ತಗೋತಿದ್ರಿ, ಇದನ್ನ ಬರ್ಕೊಂಡ್ ಹೋಗಿ. ಅವ್ರು ಬರೆಯೋ ಲೆಟರ್ ನೋಡೇ ಆಸ್ಪತ್ರೆಯವ್ರು ಅರ್ಜೆಂಟೋ ಅಲ್ವೋ ಅಂತ ತೀರ್ಮಾನ ಮಾಡೋದು. ಅರ್ಜೆಂಟ್ ಅಲ್ದಿದ್ರೆ ಟ್ರೀಟ್‌ಮೆಂಟ್ ಶುರು ಆಗೋಕೆ ನಿಯಮದ ಪ್ರಕಾರ 18 ವಾರ, ನಿಜವಾಗ್ಲೂ ಎಷ್ಟೋ ಸಲ ಅದಕ್ಕಿಂತ ಜಾಸ್ತಿನೇ ಹಿಡಿಯತ್ತೆ.

ವಿಸಿಟ್ ವೀಸಾದಲ್ಲಿ ಬರೋ ಹಿರಿಯರ ಲೆಕ್ಕ ಬೇರೆ. ಜಿಪಿ ನೋಡೋದಕ್ಕೆ, ಎಮರ್ಜೆನ್ಸಿ ವಿಭಾಗದ ಚಿಕಿತ್ಸೆಗೆ ದುಡ್ಡಿಲ್ಲ. ಅಡ್ಮಿಟ್ ಆದ್ರೆ, ಸ್ಪೆಷಲಿಸ್ಟ್ ಕ್ಲಿನಿಕ್‌ಗೆ ಹೋದ್ರೆ ಎನ್‌ಎಚ್‌ಎಸ್ ದರದ 150% ಬಿಲ್ ಬರತ್ತೆ. ಊರಿಂದ ಹೊರಡೋ ಮುಂಚೆನೇ ಇನ್ಶೂರೆನ್ಸ್ ಮಾಡ್ಸಿ, ಶುಗರ್ರು ಬಿಪಿ ಇದ್ರೆ ಮುಚ್ಚಿಡ್ಬೇಡಿ, ಆಮೇಲೆ ಕ್ಲೇಮ್ ರಿಜೆಕ್ಟ್ ಆಗತ್ತೆ.