ಮಡಚುವ ಸೈಕಲ್‌ನಲ್ಲಿ ಚಾಮುಂಡಿ ಬೆಟ್ಟ

ನನ್ನದು 20 ಇಂಚಿನ ಗಾಲಿಯ ಮಡಚುವ ಸೈಕಲ್. ಮೊದಲ ಸಲ ತಾವರೆಕಟ್ಟೆ ಕಡೆಯಿಂದ ಚಾಮುಂಡಿ ಬೆಟ್ಟ ಹತ್ತಲು ಹೋದಾಗ, ಅರ್ಧ ದಾರಿಗೂ ಮುಂಚೆ ಇಳಿದು ತಳ್ಳಿದೆ. ಎರಡು ದಿನ ಮಂಡಿ ನೋವು. "ಚಿಕ್ಕ ಗಾಲೀಲಿ ಬೆಟ್ಟ ಹತ್ತೋಕಾಗಲ್ಲ ಕಣೋ" ಅಂದ ಗೆಳೆಯ. ನನಗೆ ಯಾಕೋ ಒಪ್ಪಿಗೆಯಾಗಲಿಲ್ಲ.

ಮನೆಗೆ ಬಂದು ಚೈನು ಕೂರುವ ಹಲ್ಲುಚಕ್ರಗಳ ಹಲ್ಲು ಎಣಿಸಿದೆ. ಮುಂದೆ 52, ಹಿಂದೆ ದೊಡ್ಡದರಲ್ಲಿ 28. ಗಾಲಿ ಒಂದು ಸುತ್ತಿಗೆ ಸುಮಾರು ಒಂದೂವರೆ ಮೀಟರ್ ಉರುಳುತ್ತದೆ. ಅಂದರೆ ತೀರಾ ಹಗುರ ಗೇರಿನಲ್ಲೂ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ 2.8 ಮೀಟರ್ ಹೋಗಬೇಕು. ಏರಿನಲ್ಲಿ ನನ್ನ ಕಾಲಿಗೆ ಅದು ಜಾಸ್ತಿ. ಗಾಲಿ ಚಿಕ್ಕದು ಅಂತಲೇ ಮುಂದೆ ದೊಡ್ಡ ಹಲ್ಲುಚಕ್ರ ಹಾಕಿರುತ್ತಾರೆ, ಸಮ ರಸ್ತೆಯಲ್ಲಿ ಚೆನ್ನಾಗಿ ಓಡಲಿ ಅಂತ. ಗಾಲಿಯನ್ನು ಬೈದು ಏನು ಪ್ರಯೋಜನ?

ಮುಂದೆ 44 ಹಾಕಿಸಿದೆ, ಹಿಂದೆ 14-34ರ ಫ್ರೀವೀಲ್, ಅಂದರೆ ಚಿಕ್ಕದರಲ್ಲಿ 14, ದೊಡ್ಡದರಲ್ಲಿ 34 ಹಲ್ಲಿರುವ ಹಲ್ಲುಚಕ್ರಗಳ ಜೋಡಣೆ. ಈಗ ಪೆಡಲ್ ಸುತ್ತಿಗೆ 1.94 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 7 ಕಿ.ಮೀ. ನಿಧಾನ, ಆದರೆ ಉಸಿರು ಹತೋಟಿಯಲ್ಲಿರುತ್ತದೆ. ಮುಂದೆ 8 ಹಲ್ಲು ಕಮ್ಮಿ, ಹಿಂದೆ 6 ಜಾಸ್ತಿ, ಹಾಗಾಗಿ ಹಳೇ ಚೈನೇ ಸರಿಹೋಯಿತು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೈಲರ್ ಮಾತ್ರ ಉದ್ದ ಕೇಜಿನದು (ಕೆಳಗೆ ಚೈನು ಹಿಡಿದಿಡುವ ತೋಳು ಉದ್ದ ಇರುವಂಥದ್ದು) ಬೇಕಾಯಿತು. ಅದು ನೆಲಕ್ಕೆ ತೀರಾ ಹತ್ತಿರ ನೇತಾಡುತ್ತದೆ, ಕಲ್ಲು ನೋಡಿಕೊಂಡು ಹೋಗಬೇಕು.

ಈ ಫ್ರೀವೀಲ್‌ನಲ್ಲಿ 24 ಹಲ್ಲಿನದು ಆದಮೇಲೆ ಸೀದಾ 34ರದು, ದೊಡ್ಡ ಜಿಗಿತ. ಏರಿನ ಮಧ್ಯೆ ಜೋರಾಗಿ ತುಳಿಯುತ್ತಾ ಗೇರ್ ಬದಲಿಸಿದರೆ ಚೈನು ಕಟಕಟ ಅಂತ ಒದ್ದಾಡುತ್ತದೆ. ಏರು ಶುರುವಾಗುವ ಮೊದಲೇ, ಅರ್ಧ ಸುತ್ತು ಕಾಲು ಸಡಿಲ ಬಿಟ್ಟು ಬದಲಿಸುತ್ತೇನೆ.

ಇನ್ನು ಸೀಟು. ಸೀಟಿನ ಕಂಬ ಓರೆ ಇರುವುದರಿಂದ ಎತ್ತರಿಸಿದಷ್ಟೂ ಸೀಟು ಹಿಂದಕ್ಕೆ ಹೋಗುತ್ತದೆ, ನಾನು ಬೇರೆ ಉದ್ದ. ಕಡಿದಾದ ಕಡೆ ಮುಂದಿನ ಗಾಲಿ ಹಗುರಾಗಿ ಹ್ಯಾಂಡಲ್ ತೂರಾಡುತ್ತಿತ್ತು. ಸೀಟನ್ನು ಅದರ ಕಂಬಿಯ ಮೇಲೆ ಒಂದು ಬೆರಳಷ್ಟು ಮುಂದಕ್ಕೆ ಸರಿಸಿದೆ. ಏರಿನಲ್ಲಿ ಮೊಣಕೈ ಮಡಿಸಿ ಎದೆ ತಗ್ಗಿಸುತ್ತೇನೆ. ಗಾಲಿ ರಸ್ತೆಗೆ ಅಂಟಿಕೊಳ್ಳುತ್ತದೆ. ಎದ್ದು ನಿಂತು ತುಳಿಯುವುದನ್ನು ಬಿಟ್ಟೇಬಿಟ್ಟೆ. ಹ್ಯಾಂಡಲ್ ಕಂಬ ಅಷ್ಟು ಉದ್ದ ಅಲ್ವಾ, ಜಗ್ಗಿದರೆ ಬಾಗುತ್ತದೆ, ಬಲ ಸುಮ್ನೆ ಪೋಲು.

ಹೋದ ಭಾನುವಾರ ಬೆಳಿಗ್ಗೆ ಮಹಿಷಾಸುರನ ಪ್ರತಿಮೆವರೆಗೂ ಕಾಲು ಊರದೆ ಹೋದೆ. ತುಂಬಾ ಖುಷಿಯಾಯಿತು. ಇಳಿಯುವಾಗ ನಂದಿ ಕಡೆಯ ತಿರುವಿನಲ್ಲಿ ನಿಂತು ರಿಮ್ ಮುಟ್ಟಿದೆ. ಬ್ರೇಕ್ ಹಿಡಿದರೆ ಚಿಕ್ಕ ರಿಮ್ ಬೇಗ ಬಿಸಿಯಾಗುತ್ತದೆ, ಬೆರಳು ಇಡಲಾಗಲಿಲ್ಲ. ಆರುವವರೆಗೂ ಅಲ್ಲೇ ಕಟ್ಟೆ ಮೇಲೆ ಕೂತಿದ್ದು, ಆಮೇಲೆ ಇಳಿದೆ.